ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ

ನಮ್ಮ ಕಡೆಯ ಮನೆಗಳಲ್ಲಿ ಹಗಲು ಹೊತ್ತು ಬಾಗಿಲು ಹಾಕುವ ರೂಢಿಯಿಲ್ಲ. ಮಾಲೂರಿನ ಹೆಂಚಿನ ಮನೆಯಾಗಲಿ, ಮುಳಬಾಗಿಲು ಪೇಟೆಯ ಉದ್ದನೆಯ ಮನೆಯಾಗಲಿ, ಶ್ರೀನಿವಾಸಪುರದ ಮಾವಿನ ತೋಪಿನ ಪಕ್ಕದ ಎರಡು ಕೋಣೆಯ ಮನೆಯಾಗಲಿ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ತೆರೆದ ಬಾಗಿಲು ಮುಚ್ಚುವುದು ರಾತ್ರಿ ಮಲಗುವಾಗಲೇ. ನಡುವೆ ಯಾರಾದರೂ ಹಾಕಿಕೊಂಡರೆ ಎದುರುಮನೆಯ ಅಜ್ಜಿ ಬಂದು, "ಏನಮ್ಮಾ, ಯಾರಿಗಾದರೂ ಹುಷಾರಿಲ್ಲವಾ?" ಎಂದು ವಿಚಾರಿಸುತ್ತಾರೆ. ಒಳ್ಳೆಯ ರೂಢಿಯೇ. ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಾಗುವುದು ಹೀಗೆಯೇ. ಆದರೆ ಈ ವಾರ ಹೇಳಹೊರಟಿರುವ ವಿಷಯಕ್ಕೆ ಅರ್ಧ ಗಂಟೆ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ. ಫೋನಿನಲ್ಲಿ ಮನಸ್ಸಿನ ಕಷ್ಟ ಹೇಳಿಕೊಂಡು ಸಹಾಯ ಪಡೆಯುವ ವಿಷಯ ಅದು.

ಮಕ್ಕಳೇ, 14416 ಎಂಬ ಸಂಖ್ಯೆಯನ್ನು ಆಸ್ಪತ್ರೆಯ ಗೋಡೆಯ ಮೇಲೋ ಶಾಲೆಯ ಫಲಕದ ಮೇಲೋ ನೋಡಿರಬಹುದು. ಅದರ ಹೆಸರು ಟೆಲಿ-ಮಾನಸ್. 2022ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಇದನ್ನು ಘೋಷಿಸಿದರು. ಅದೇ ವರ್ಷ ಅಕ್ಟೋಬರ್ 10ರಂದು, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. ಇಡೀ ದೇಶದ ಈ ಸೇವೆಗೆ ತಾಯಿಬೇರು ನಮ್ಮ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಎತ್ತುತ್ತಾರೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡವೂ ಸೇರಿದಂತೆ ಇಪ್ಪತ್ತು ಭಾಷೆಗಳಲ್ಲಿ ಮಾತನಾಡಬಹುದು. 2024ರ ಅಕ್ಟೋಬರ್ ಹೊತ್ತಿಗೆ ದೇಶದಾದ್ಯಂತ ಬಂದ ಕರೆಗಳು ಹತ್ತು ಲಕ್ಷ ದಾಟಿದ್ದವು. ಆ ತಿಂಗಳಿನಿಂದ ಮುಖ ನೋಡಿ ಮಾತನಾಡುವ ವೀಡಿಯೊ ಸೌಲಭ್ಯವೂ ಶುರುವಾಯಿತು. ಮೊದಲು ಅದನ್ನು ತಂದ ರಾಜ್ಯಗಳಲ್ಲಿ ಕರ್ನಾಟಕ ಒಂದು.

ಕರೆಯನ್ನು ಮೊದಲು ಎತ್ತುವವರು ತರಬೇತಿ ಪಡೆದ ಆಪ್ತ ಸಮಾಲೋಚಕರು. ಕಷ್ಟ ದೊಡ್ಡದೆಂದು ಕಂಡರೆ ಅವರು ಮುಂದಿನ ಹಂತಕ್ಕೆ ದಾಟಿಸುತ್ತಾರೆ. ಆ ಎರಡನೇ ಹಂತದಲ್ಲಿ ಮನೋವೈದ್ಯರು ಇರುತ್ತಾರೆ, ಮನಶ್ಶಾಸ್ತ್ರಜ್ಞರು ಇರುತ್ತಾರೆ, ಜೊತೆಗೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಎಂಬ ಇನ್ನೊಂದು ಬಗೆಯ ಪರಿಣತರೂ ಇರುತ್ತಾರೆ. ಹೆಸರು ಉದ್ದವಾಗಿದೆ, ಕೆಲಸ ಏನೆಂದು ಬಹಳ ಜನಕ್ಕೆ ಗೊತ್ತಿಲ್ಲ. ಸಮಾಜಸೇವೆ ಎಂದರೆ ರಕ್ತದಾನ ಶಿಬಿರ, ನೋಟ್‌ಬುಕ್ ಹಂಚಿಕೆ ಎಂದುಕೊಂಡವರೇ ಹೆಚ್ಚು. ಇವರು ಅದಲ್ಲ. ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅದರ ಮೇಲೆ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದವರು. 2021ರಲ್ಲಿ ಸಂಸತ್ತು ಆರೋಗ್ಯ ವೃತ್ತಿಗಳ ಬಗ್ಗೆ ಮಾಡಿದ ಕಾನೂನಿನ ಪಟ್ಟಿಯಲ್ಲಿ ಇವರ ವೃತ್ತಿಯೂ ಇದೆ. ನಮ್ಮ ದೇಶದಲ್ಲಿ ಸಮಾಜ ಕಾರ್ಯವನ್ನು ಕಲಿಸುವ ಮೊದಲ ಶಾಲೆ ಮುಂಬಯಿಯಲ್ಲಿ ಟಾಟಾ ಹೆಸರಿನಲ್ಲಿ 1936ರಲ್ಲೇ ಆರಂಭವಾಗಿತ್ತು. ಅಮೆರಿಕದಲ್ಲಿ ಅದಕ್ಕೂ ಮೊದಲು, 1917ರಲ್ಲಿ, ಮೇರಿ ರಿಚ್ಮಂಡ್ ಎಂಬಾಕೆ ಒಂದು ದಪ್ಪ ಪುಸ್ತಕವನ್ನೇ ಬರೆದಿದ್ದರು. ಒಬ್ಬ ಮನುಷ್ಯನ ಕಷ್ಟವನ್ನು ತಿಳಿಯಬೇಕಾದರೆ ಅವನ ಮನೆ, ನೆರೆ, ಕೆಲಸ, ಶಾಲೆ ಎಲ್ಲವನ್ನೂ ವಿಚಾರಿಸಿ ತಿಳಿಯಬೇಕು ಎಂಬುದು ಅದರ ತಿರುಳು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ನಡೆದದ್ದಲ್ಲ, ನಡೆಯಬಹುದಾದದ್ದು. ಶ್ರೀನಿವಾಸಪುರದ ಹತ್ತಿರದ ಹಳ್ಳಿಯ ಹುಡುಗಿ, ಒಂಬತ್ತನೇ ತರಗತಿ. ಶಾಲೆ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಇಲ್ಲ. ಡಾಕ್ಟರು ನೋಡಿದರು, ರಕ್ತ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. "ಶಾಲೆಗೆ ಹೋಗಲು ಸೋಮಾರಿತನ" ಎಂದು ಅಪ್ಪ, "ದೃಷ್ಟಿಯಾಗಿದೆ" ಎಂದು ಅಜ್ಜಿ. ಈ ಹುಡುಗಿ ಫೋನಿನಲ್ಲಿ ಒಬ್ಬ ಸಮಾಜ ಕಾರ್ಯಕರ್ತೆಯ ಜೊತೆ ಮಾತನಾಡಿದರೆ ಆಕೆ ಹೊಟ್ಟೆನೋವಿನಿಂದ ಶುರು ಮಾಡುವುದು ಕಡಿಮೆ. ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ? ಮನೆಯಲ್ಲಿ ಎಷ್ಟು ಜನ, ರಾತ್ರಿ ನೀನು ಎಲ್ಲಿ ಮಲಗುತ್ತೀಯ? ಯಾವ ಬಸ್ಸು, ಯಾರ ಪಕ್ಕ ಕೂರುತ್ತೀಯ? ಊಟದ ಡಬ್ಬಿ ಯಾರ ಜೊತೆ ತೆಗೆಯುತ್ತೀಯ? ಅಪ್ಪ ಏನು ಕೆಲಸ ಮಾಡುತ್ತಾರೆ, ಈ ವರ್ಷ ಹೇಗಿದೆ?

ಪೊಲೀಸರ ವಿಚಾರಣೆಯ ಹಾಗೆ ಕಾಣಬಹುದು. ಆದರೆ ಸಮಾಧಾನವಾಗಿ, ಎರಡು ಮೂರು ಸಲದ ಮಾತಿನಲ್ಲಿ ಕೇಳಿದಾಗ ಹೊಟ್ಟೆನೋವಿನ ಸುತ್ತ ಒಂದು ನಕ್ಷೆ ಮೂಡುತ್ತದೆ. ಹುಡುಗಿ ಹಳ್ಳಿಯ ಕನ್ನಡ ಶಾಲೆಯಿಂದ ಪಟ್ಟಣದ ಇಂಗ್ಲಿಷ್ ಶಾಲೆಗೆ ಬಂದಿದ್ದಾಳೆ. ಗಟ್ಟಿಯಾಗಿ ಓದುವಾಗ ತರಗತಿ ನಗುತ್ತದೆ. ಅಪ್ಪ ಕೋಲಾರದ ಮಂಡಿಗೆ ಟೊಮೆಟೊ ಹಾಕಿದ ವಾರವೇ ಬೆಲೆ ಬಿದ್ದು, ಶುಲ್ಕಕ್ಕೆ ಸಾಲ ಮಾಡಿದ್ದಾರೆ. ಆದ್ದರಿಂದ "ಆ ಶಾಲೆ ಬೇಡ" ಎಂದು ಹೇಳಲು ಅವಳಿಗೆ ಬಾಯಿ ಬರುತ್ತಿಲ್ಲ. ಬಾಯಿ ಹೇಳದ್ದನ್ನು ಹೊಟ್ಟೆ ಹೇಳುತ್ತಿದೆ. ನಾಟಕವಲ್ಲ, ನೋವು ನಿಜವಾಗಿಯೂ ಆಗುತ್ತದೆ. ಹೆದರಿಕೆಗೆ ಕರುಳು ಹಿಂಡುವುದು ದೇಹದ ಸಹಜ ಕೆಲಸ. ಪರೀಕ್ಷೆಯ ದಿನ ನಿಮಗೂ ಆಗಿರುತ್ತದಲ್ಲ?

ಈಗ ಸಮಾಜ ಕಾರ್ಯಕರ್ತೆ ಮಾಡುವ ಕೆಲಸ ನೋಡಿ. ಹುಡುಗಿಗೆ ಉಸಿರನ್ನು ನಿಧಾನ ಮಾಡುವುದು, ಹೆದರಿಕೆ ಏರಿದಾಗ ಏನು ಮಾಡಬೇಕು ಎಂಬುದನ್ನು ಹೇಳಿಕೊಡುವುದು ಒಂದು ಭಾಗ. ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಹುಡುಗಿ ಮತ್ತು ಮನೆಯವರು ಒಪ್ಪಿದರೆ ತರಗತಿಯ ಟೀಚರ್ ಜೊತೆ ಮಾತನಾಡಿ, ಒಂದು ತಿಂಗಳು ಅವಳಿಂದ ಗಟ್ಟಿಯಾಗಿ ಓದಿಸಬೇಡಿ ಎಂದು ಕೇಳಬಹುದು. ಅಪ್ಪನ ಜೊತೆ ಬೇರೆಯಾಗಿ ಮಾತನಾಡಬಹುದು. ಬಸ್ ನಿಲ್ದಾಣದವರೆಗೆ ಅಜ್ಜಿ ಹತ್ತು ದಿನ ಜೊತೆಗೆ ನಡೆಯಲಿ ಎನ್ನಬಹುದು. ಔಷಧಿ ಅಂಗಡಿಯಲ್ಲಿ ಸಿಗದ ಔಷಧಿಗಳು ಇವು. ದೃಷ್ಟಿ ತೆಗೆಯಬೇಡಿ, ಮುಳಬಾಗಿಲಿನ ಆಂಜನೇಯನಿಗೆ ಹರಕೆ ಹೊರಬೇಡಿ ಎಂದು ಒಳ್ಳೆಯ ಸಮಾಜ ಕಾರ್ಯಕರ್ತರು ಹೇಳುವುದಿಲ್ಲ. ಹರಕೆಯೂ ಇರಲಿ, ಟೀಚರ್ ಜೊತೆ ಮಾತೂ ಆಗಲಿ ಎನ್ನುತ್ತಾರೆ.

ಭಾಷೆಯ ಮಾತು ಬಂತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಕೆಲವರಿಗೆ ಉರ್ದು, ಕೆಲವರಿಗೆ ತಮಿಳು. ಲೆಕ್ಕ ಮಾಡುವುದು ಒಂದು ಭಾಷೆಯಲ್ಲಿ, ಅಳುವುದು ಇನ್ನೊಂದರಲ್ಲಿ. ಸಂಕಟ ಹೇಳಿಕೊಳ್ಳಲು ಯಾವ ಭಾಷೆ ಹಗುರವೋ ಅದರಲ್ಲೇ ಹೇಳಿ. ಕನ್ನಡದಲ್ಲಿ ಆರಂಭಿಸಿ ನಡುವೆ ತೆಲುಗಿಗೆ ಜಾರಿದರೂ ತಪ್ಪೇನಿಲ್ಲ. ಎದೆ ಭಾರ, ತಲೆಯಲ್ಲಿ ಹುಳ ಓಡಾಡಿದ ಹಾಗೆ, ಹೊಟ್ಟೆಯಲ್ಲಿ ಸಂಕಟ ಎಂಬ ಮಾತುಗಳನ್ನು ಪುಸ್ತಕದ ಭಾಷೆಗೆ ತಿರುಗಿಸಲು ಹೋಗಬೇಡಿ. ಕೇಳುವವರಿಗೆ ಬೇಕಾದದ್ದು ಆ ಮಾತುಗಳೇ.

ಅಜ್ಜ ಅಜ್ಜಿಯರಿಗೆ ಇಲ್ಲಿ ಒಂದು ಹಳೆಯ ನೆನಪು ಬಂದಿರಬೇಕು. ನಿಮ್ಹಾನ್ಸ್ ಎಂಬ ಹೆಸರು ಬರುವ ಮೊದಲು ಅಲ್ಲಿದ್ದದ್ದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ. 1954ರಲ್ಲಿ ಅದರ ಜೊತೆಗೆ ಕಲಿಕೆಯ ಸಂಸ್ಥೆಯೊಂದು ಬಂತು. 1974ರಲ್ಲಿ ಎರಡನ್ನೂ ಸೇರಿಸಿ ನಿಮ್ಹಾನ್ಸ್ ಮಾಡಿದರು. ಜನರ ಬಾಯಲ್ಲಿ ಮಾತ್ರ ಅದು ಬಹಳ ಕಾಲ "ಹುಚ್ಚಾಸ್ಪತ್ರೆ"ಯಾಗಿಯೇ ಉಳಿಯಿತು. ಹೊಸೂರು ರಸ್ತೆಯ ಆ ಗೇಟಿನೊಳಗೆ ಹೋಗುವುದನ್ನು ಯಾರಾದರೂ ನೋಡಿದರೆ ಮಗಳಿಗೆ ಗಂಡು ಸಿಗುವುದಿಲ್ಲ ಎಂಬ ಭಯ. ದಾರಿಯ ಕಷ್ಟ ಬೇರೆ. ಮುಳಬಾಗಿಲಿನಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್. ಬೆಳಗಿನ ಜಾವ ಹೊರಟು, ಸಾಲಿನಲ್ಲಿ ನಿಂತು, ಡಾಕ್ಟರನ್ನು ಕಂಡು, ರಾತ್ರಿ ಮನೆ ಸೇರಿದರೆ ಇಬ್ಬರ ಕೂಲಿ ಹೋಯಿತು. ತಿಂಗಳಿಗೊಮ್ಮೆ ಹೀಗೆ ಹೋಗಲಾಗದೆ ಅರ್ಧದಲ್ಲೇ ಮಾತ್ರೆ ಬಿಟ್ಟವರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ.

ಆದ್ದರಿಂದ ಡಾಕ್ಟರೇ ಹಳ್ಳಿಯ ಹತ್ತಿರ ಹೋಗಬೇಕು ಎಂಬ ಯೋಚನೆ ಕರ್ನಾಟಕದಲ್ಲೇ ಹುರಿಗಟ್ಟಿತು. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಅಲ್ಲೇ ಔಷಧಿ ಸಿಗುವಂತೆ ಮಾಡಿ ತೋರಿಸಿದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2014ರಲ್ಲಿ ನಮ್ಮ ರಾಜ್ಯ "ಮನೋಚೈತನ್ಯ" ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಶಿಬಿರಗಳನ್ನು ಶುರುಮಾಡಿತು. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ, ಎಷ್ಟು ಗಂಟೆಗೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಫೋನು ಈ ದಾರಿಯ ಮುಂದಿನ ಹೆಜ್ಜೆ.

ಹೊರದೇಶದಲ್ಲಿ ಈ ಹೆಜ್ಜೆ ಬೇಗ ಬಿದ್ದಿತ್ತು. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದವರು 1959ರಲ್ಲೇ ಟೆಲಿವಿಷನ್ ತಂತಿಯ ಮೂಲಕ ರೋಗಿಗಳ ಜೊತೆ ಮಾತನಾಡಿದ್ದರು. ಐದು ವರ್ಷದ ಮೇಲೆ 112 ಮೈಲಿ ದೂರದ ಆಸ್ಪತ್ರೆಯೊಂದಕ್ಕೂ ಹೀಗೆ ಸಂಪರ್ಕ ಕಲ್ಪಿಸಿದರು. ಮುಳಬಾಗಿಲಿನಿಂದ ಬೆಂಗಳೂರಿಗೆ ಹೋಗಿ ಬಂದಷ್ಟು ದೂರ, ಹೆಚ್ಚುಕಡಿಮೆ. ಇನ್ನು ಬರೀ ಫೋನಿನ ಕತೆ ಲಂಡನ್ನಿನದು. ಚ್ಯಾಡ್ ವಾರಾ ಎಂಬ ಪಾದ್ರಿ 1953ರ ನವೆಂಬರ್ 2ರಂದು ತನ್ನ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟುಕೊಂಡು, ಬದುಕು ಸಾಕು ಎನಿಸಿದವರು ಕರೆ ಮಾಡಿ ಎಂದು ಪ್ರಕಟಿಸಿದ. ಅದಕ್ಕೆ ಹಿಂದಿನ ಕಾರಣ ಮನಸ್ಸು ಕಲಕುವಂಥದ್ದು. ಹದಿನೆಂಟು ವರ್ಷ ಮೊದಲು, ಅವನು ಆಗತಾನೇ ಕೆಲಸಕ್ಕೆ ಸೇರಿದ್ದಾಗ, ಹದಿಹರೆಯದ ಒಬ್ಬ ಹುಡುಗಿಯ ಅಂತ್ಯಕ್ರಿಯೆ ಮಾಡಬೇಕಾಗಿ ಬಂದಿತ್ತು. ಅವಳು ಮೈನೆರೆದಿದ್ದಳು. ಅದೇನೆಂದು ಯಾರೂ ಹೇಳಿರಲಿಲ್ಲ. ದೊಡ್ಡ ರೋಗ ಬಂದಿದೆ ಎಂದು ಹೆದರಿ ಪ್ರಾಣ ಕಳೆದುಕೊಂಡಿದ್ದಳು. ಕೇಳಲು ಒಬ್ಬರು ಸಿಕ್ಕಿದ್ದರೆ ಎರಡು ನಿಮಿಷದ ಮಾತು ಅದು. ನಮ್ಮಲ್ಲಿ ಮಕ್ಕಳಿಗೆಂದೇ ಇರುವ 1098 ಸಹಾಯವಾಣಿ 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಹಿಂಸೆ, ಬಾಲ್ಯವಿವಾಹ, ದುಡಿಮೆ, ಮನೆಬಿಟ್ಟು ಹೋದದ್ದು, ಯಾವುದೇ ತೊಂದರೆಗೆ ಮಕ್ಕಳು ಅಲ್ಲಿಗೆ ಕರೆ ಮಾಡಬಹುದು.

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಆನ್‌ಲೈನ್ ಸಮಾಲೋಚನೆ ನಮ್ಮ ಕಡೆ ಗೆಲ್ಲುವುದೂ ಸೋಲುವುದೂ ಇಲ್ಲೇ. ಸಿಗ್ನಲ್ಲು, ಡೇಟಾ, ಕ್ಯಾಮೆರಾ ಎಲ್ಲ ಆಮೇಲೆ.

ನಮ್ಮ ದೇಶದ ಮನೋವೈದ್ಯರು ಒಂದು ವಿಷಯವನ್ನು ಬೇಗ ಕಲಿತರು: ಮನೆಯವರನ್ನು ಹೊರಗಿಟ್ಟು ಚಿಕಿತ್ಸೆ ಮಾಡಲಾಗದು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ಎಂಬ ವೈದ್ಯರು ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡರು. ನಿಮ್ಹಾನ್ಸ್‌ನಲ್ಲೂ ಕುಟುಂಬದ ಜೊತೆಗೇ ಬಂದು ಇದ್ದು ಚಿಕಿತ್ಸೆ ಪಡೆಯುವ ಕೇಂದ್ರವಿದೆ. ಅಮ್ಮ, ಅತ್ತೆ, ಅಜ್ಜ ಎಲ್ಲರೂ ಔಷಧಿಯ ಭಾಗ. ಸರಿ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು "ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರೆ ಮನೆಯವರು ಎದ್ದು ಹೋಗಿ ಬೆಂಚಿನ ಮೇಲೆ ಕೂರುತ್ತಾರೆ. ಫೋನಿನಲ್ಲಿ ಹಾಗೆ ಹೇಳಿದರೆ ಕೇಳುವವರು ಯಾರು? ಅದು ಅವರದೇ ಮನೆ. ಅಜ್ಜಿ ಅಲ್ಲೇ ಅವರೆಕಾಯಿ ಬಿಡಿಸುತ್ತಿರುತ್ತಾರೆ. ತಮ್ಮ ಟಿವಿ ನೋಡುತ್ತಿರುತ್ತಾನೆ. ಫೋನೂ ಅಪ್ಪನದು. ಹುಡುಗಿ "ಹೂಂ", "ಇಲ್ಲ", "ಚೆನ್ನಾಗಿದೀನಿ" ಎಂದಷ್ಟೇ ಹೇಳಿ ಇಡುತ್ತಾಳೆ.

ಅನುಭವಿ ಸಮಾಜ ಕಾರ್ಯಕರ್ತರು ಇದನ್ನು ಬಲ್ಲರು. ಆದ್ದರಿಂದ ಫೋನಿನಲ್ಲಿ ಅವರು ಮೊದಲು ಕೇಳುವುದು ಕೆಲವು ಸಣ್ಣ ಪ್ರಶ್ನೆಗಳು. ಈಗ ನೀನು ಎಲ್ಲಿದ್ದೀಯ? ಹತ್ತಿರ ಯಾರಿದ್ದಾರೆ? ಮಾತು ಕೇಳಿಸುತ್ತದಾ? ನಡುವೆ ಕರೆ ಕಡಿದರೆ ನಾನೇ ಮಾಡಲಾ, ನೀನು ಮಾಡುತ್ತೀಯಾ? ತುರ್ತಾಗಿ ಬೇಕಾದರೆ ಯಾವ ದೊಡ್ಡವರಿಗೆ ಹೇಳಬಹುದು? ಹತ್ತಿರದ ಆಸ್ಪತ್ರೆ ಯಾವುದು? ಎದುರಿಗೆ ಕೂತಿದ್ದರೆ ಕೇಳಬೇಕಾಗಿಯೇ ಇರಲಿಲ್ಲ. ನೂರು ಕಿಲೋಮೀಟರ್ ಆಚೆ ಇದ್ದಾಗ ಕೇಳಲೇಬೇಕು. ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಗುಟ್ಟಿನ ಮಾತನ್ನೂ ಗೊತ್ತು ಮಾಡಿಕೊಳ್ಳುತ್ತಾರೆ. "ನಾಳೆ ಗಣಿತ ಹೋಂವರ್ಕ್ ಇದೆ" ಎಂದರೆ ಈಗ ಮಾತು ಬದಲಿಸಿ ಎಂದು ಅರ್ಥ. ಮಕ್ಕಳಿಗೆ ಇದು ಪತ್ತೇದಾರಿ ಕತೆಯ ಹಾಗೆ ಖುಷಿ ಕೊಡುತ್ತದೆ. ಹೌದು ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನಷ್ಟೇ ಕೇಳಿ ಸ್ವಲ್ಪ ಹೊತ್ತು ನಡೆಸುವುದೂ ಉಂಟು.

ಜಾಗ ಹುಡುಕುವುದರಲ್ಲಿ ನಮ್ಮ ಹಳ್ಳಿಗಳು ಪಟ್ಟಣಕ್ಕಿಂತ ವಾಸಿ ಎನಿಸುತ್ತದೆ. ಮಾವಿನ ತೋಪಿದೆ, ಮನೆಯ ಮಾಳಿಗೆಯಿದೆ, ದನದ ಕೊಟ್ಟಿಗೆಯ ಹಿಂಭಾಗವಿದೆ. ಸಂಜೆ ಹಾಲು ಹಾಕಲು ಎಲ್ಲರೂ ಡೇರಿಗೆ ಹೋದ ಅರ್ಧ ಗಂಟೆ ಮನೆ ಖಾಲಿ. ಹಣ್ಣು ಕೀಳುವ ಕಾಲದಲ್ಲಿ ಮಾತ್ರ ತೋಪಿಗೆ ಹೋಗಬೇಡಿ, ಅಲ್ಲಿ ಊರೇ ಇರುತ್ತದೆ! ಕಿವಿಗೆ ಹಾಕುವ ಇಯರ್‌ಫೋನ್ ಇದ್ದರೆ ಕೇಳುವವರ ಮಾತು ಹೊರಗೆ ಬರುವುದಿಲ್ಲ, ಅರ್ಧ ಗುಟ್ಟು ಅಲ್ಲೇ ಉಳಿಯಿತು. ಶಾಲೆಯಲ್ಲಿ ನಂಬಿಕೆಯ ಟೀಚರ್ ಇದ್ದರೆ ಸಿಬ್ಬಂದಿ ಕೊಠಡಿ ಖಾಲಿಯಿದ್ದಾಗ ಅಲ್ಲಿಂದಲೂ ಮಾತನಾಡಬಹುದು.

ಇಲ್ಲಿ ಒಂದು ನಿಯಮ ಗೊತ್ತಿರಲಿ. 2020ರ ಮಾರ್ಚ್ 25ರಂದು, ಕೊರೊನಾ ಲಾಕ್‌ಡೌನ್ ಶುರುವಾದ ದಿನವೇ, ಸರ್ಕಾರ ದೂರಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಅಪ್ರಾಪ್ತ ವಯಸ್ಸಿನವರು ಡಾಕ್ಟರನ್ನು ಫೋನಿನಲ್ಲೋ ವೀಡಿಯೊದಲ್ಲೋ ಕಾಣಬೇಕಾದರೆ ದೊಡ್ಡವರೊಬ್ಬರು ಜೊತೆಗಿರಬೇಕು, ಅವರು ಯಾರೆಂದು ಡಾಕ್ಟರಿಗೆ ಗೊತ್ತಾಗಬೇಕು. ಸಹಾಯವಾಣಿಗೆ ಮೊದಲ ಕರೆಯನ್ನು ಮಗು ತಾನೇ ಮಾಡಬಹುದು. ಮುಂದಿನ ಚಿಕಿತ್ಸೆಗೆ ದೊಡ್ಡವರು ಬೇಕು. ಆ ದೊಡ್ಡವರು ಬಹಳ ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಆಗಿರುತ್ತಾರೆ, ಏಕೆಂದರೆ ಅಪ್ಪ ಅಮ್ಮ ಬೆಳಗಿನ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೋಗಿರುತ್ತಾರೆ.

ಆದ್ದರಿಂದ ಹಿರಿಯರಿಗೆ ಎರಡು ಮಾತು. ಮೊದಲು ಜೊತೆಗೆ ಕೂರಿ, ನಿಮ್ಮ ಪರಿಚಯ ಹೇಳಿ, ನಿಮಗೆ ಕಂಡದ್ದನ್ನು ಹೇಳಿ: ಊಟ ಕಡಿಮೆಯಾಗಿದೆ, ರಾತ್ರಿ ಎದ್ದು ಕೂರುತ್ತಾಳೆ, ಗೆಳತಿಯರು ಬರುತ್ತಿಲ್ಲ. ಮಗು ಹೇಳಲು ಮರೆಯುವ ಎಷ್ಟೋ ವಿವರ ನಿಮಗೆ ಗೊತ್ತಿರುತ್ತದೆ. ಆಮೇಲೆ ಅವರು "ಸ್ವಲ್ಪ ಹೊತ್ತು ಮಗುವಿನ ಜೊತೆಯೇ ಮಾತನಾಡುತ್ತೇವೆ" ಎಂದಾಗ ಎದ್ದು ಜಗಲಿಗೆ ಬನ್ನಿ. ಬಾಗಿಲು ಎಳೆದುಕೊಳ್ಳಿ. ಎದುರುಮನೆಯವರು ಕೇಳಿದರೆ "ಪಾಠ ನಡೀತಿದೆ" ಎಂದುಬಿಡಿ. ಈ ಸುಳ್ಳಿಗೆ ಪಾಪ ಅಂಟುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಕಷ್ಟವಿರುವುದು ಕರೆ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ. "ಏನು ಕೇಳಿದರು? ನೀನು ಏನು ಹೇಳಿದೆ? ನನ್ನ ಬಗ್ಗೆ ಏನಾದರೂ ಹೇಳಿದೆಯಾ?" ಈ ಮೂರು ಪ್ರಶ್ನೆಗಳು ಎಂಥ ಅಕ್ಕರೆಯಿಂದ ಬಂದರೂ ಮುಂದಿನ ವಾರದ ಕರೆಯನ್ನು ಹಾಳು ಮಾಡುತ್ತವೆ. ಮಗು ಮುಂದಿನ ಸಲ ಮಾತನಾಡುವಾಗ, ಆಮೇಲೆ ನಿಮಗೆ ಏನು ಹೇಳಬೇಕು ಎಂದು ಲೆಕ್ಕ ಹಾಕಿಯೇ ಬಾಯಿ ತೆರೆಯುತ್ತದೆ. ಏನೂ ಕೇಳದೆ ಒಂದು ಲೋಟ ಹಾಲು ಕೊಡಿ, ಕಡಲೆಕಾಯಿ ಹುರಿದದ್ದಿದ್ದರೆ ಕೊಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಕತೆಗಳನ್ನು ಓದಿದವರಿಗೆ ಗೊತ್ತು, ಅಲ್ಲಿ ಕತೆ ಹೇಳುವವನಿಗಿಂತ ಮೊದಲು, ಅಡ್ಡಬಾಯಿ ಹಾಕದೆ ಕೇಳುವವನೊಬ್ಬ ಕೂತಿರುತ್ತಾನೆ.

ಮಕ್ಕಳೇ, ನೀವು ಹೇಳಿದ್ದನ್ನು ಅವರು ಗುಟ್ಟಾಗಿ ಇಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅದನ್ನೇ ಹೇಳುತ್ತದೆ. ಆದರೆ ಗುಟ್ಟಿಗೆ ಒಂದು ಬೇಲಿ ಇದೆ, ಅದನ್ನು ಮೊದಲ ದಿನವೇ ನಿಮಗೆ ತಿಳಿಸುತ್ತಾರೆ. ನಿಮ್ಮ ಪ್ರಾಣಕ್ಕೆ ಅಥವಾ ಇನ್ನೊಬ್ಬರ ಪ್ರಾಣಕ್ಕೆ ಅಪಾಯ ಇದೆಯೆಂದು ಕಂಡರೆ ಅವರು ದೊಡ್ಡವರಿಗೆ ತಿಳಿಸಲೇಬೇಕು. ಯಾರಾದರೂ ನಿಮ್ಮನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟಿದ್ದಾರೆ ಎಂದು ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅವರು ಪೊಲೀಸರಿಗೆ ತಿಳಿಸಲೇಬೇಕು. ಇದು ಚಾಡಿ ಹೇಳಿದ ಹಾಗಲ್ಲ, ನಿಮ್ಮನ್ನು ಕಾಪಾಡುವ ದಾರಿ. ಅವನು ಹತ್ತಿರದ ನೆಂಟನೇ ಆಗಿದ್ದರೂ ಅಷ್ಟೇ. ಮುಚ್ಚಿಟ್ಟರೆ ಮನೆಯ ಮಾನ ಉಳಿಯುತ್ತದೆ ಎಂದು ಹೇಳುವ ಹಿರಿಯರು ಇದ್ದಾರೆ. ಆ ಮಾನದ ಬೆಲೆಯನ್ನು ಮಗು ಇಡೀ ಬದುಕು ಕೊಡಬೇಕಾಗುತ್ತದೆ ಎಂಬುದನ್ನು ಅವರು ಯೋಚಿಸಿರುವುದಿಲ್ಲ.

ಇಷ್ಟು ಹೊತ್ತು ಮಕ್ಕಳ ಕರೆಯ ಬಗ್ಗೆ ಹೇಳಿದೆ. ಅಜ್ಜ ಅಜ್ಜಿಯರೂ ಕರೆ ಮಾಡಬಹುದು ಎಂಬುದು ಎಷ್ಟು ಮನೆಗಳಲ್ಲಿ ಹೊಳೆದಿದೆಯೋ! ಹೆಂಡತಿ ತೀರಿಕೊಂಡು ಎಂಟು ತಿಂಗಳಾದರೂ ಅನ್ನ ಸೇರದ ಅಜ್ಜ. ಮಗ ಸೊಸೆ ಬೆಂಗಳೂರಿನಲ್ಲಿ, ಮೊಮ್ಮಗನ ಮುಖ ವೀಡಿಯೊದಲ್ಲಿ ಮಾತ್ರ ಕಾಣುವ ಅಜ್ಜಿ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದು, ಯಾವುದರಲ್ಲೂ ಆಸೆಯಿಲ್ಲ, ಇದೇ ವಾರಗಟ್ಟಲೆ ನಡೆದರೆ "ವಯಸ್ಸಾಯಿತಲ್ಲ" ಎಂದು ಬಿಡಬಾರದು. ಅದು ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹಿರಿಯರಿಗೆಂದೇ 14567 ಎಂಬ ಇನ್ನೊಂದು ಸಹಾಯವಾಣಿಯೂ ಇದೆ. ಪಿಂಚಣಿ, ಕಾನೂನು, ಮನೆಯವರ ಕಿರುಕುಳ, ಒಂಟಿತನ ಎಲ್ಲದಕ್ಕೂ ಅಲ್ಲಿ ಮಾತನಾಡಬಹುದು.

ಇಲ್ಲಿ ಮೊಮ್ಮಕ್ಕಳ ಸರದಿ. ಸಂಖ್ಯೆ ಒತ್ತಿ ಕೊಡುವವರು ನೀವೇ, ವೀಡಿಯೊ ಸರಿಮಾಡಿ ಕೊಡುವವರೂ ನೀವೇ. ಕೊಟ್ಟ ಮೇಲೆ ಹೊರಗೆ ಹೋಗಿ! ಅಜ್ಜನೂ ಒಬ್ಬರೇ ಮಾತನಾಡಬೇಕಾದದ್ದು ಇರುತ್ತದೆ. ಇನ್ನೊಂದು ತಮಾಷೆಯ ತೊಂದರೆ ಇದೆ. ಕಿವಿ ಮಂದವಾದ ಹಿರಿಯರು ಸ್ಪೀಕರ್ ಹಾಕಿಕೊಂಡೇ ಮಾತನಾಡುವುದು. ಮನಸ್ಸಿನ ಮಾತು ಅರಳಿಕಟ್ಟೆಯವರೆಗೂ ಕೇಳಿಸುತ್ತದೆ. ಅವರಿಗೂ ಒಂದು ಇಯರ್‌ಫೋನ್ ತಂದುಕೊಡಿ, ಹಾಕಿಕೊಳ್ಳುವುದನ್ನು ಹೇಳಿಕೊಡಿ. ವೀಡಿಯೊ ಆದರೆ ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಡಿ, ಮುಖ ಕಪ್ಪಾಗಿ ಕಾಣುತ್ತದೆ. ಮುಖ ನೋಡಿಯೇ ಅವರು ಅರ್ಧ ವಿಷಯ ತಿಳಿಯುವುದು.

ಫೋನಿನಿಂದ ಆಗದ ಕೆಲಸಗಳೂ ಇವೆ. ಯಾರೋ ಬೈಯುತ್ತಿರುವುದು ಕೇಳಿಸುತ್ತದೆ ಎನ್ನುವವರು, ದಿನಗಟ್ಟಲೆ ಊಟ ನಿದ್ದೆ ಬಿಟ್ಟವರು, ಕುಡಿತ ನಿಲ್ಲಿಸಿದ ಮೇಲೆ ಮೈ ನಡುಗಿ ಗಾಬರಿಯಾಗುವವರು, ಫಿಟ್ಸ್ ಬರುವವರು, ಇವರನ್ನು ಡಾಕ್ಟರು ಕಣ್ಣಾರೆ ನೋಡಬೇಕು. ಕೋಲಾರದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಯುವ ಮಾತು ಬಾಯಲ್ಲಿ ಬಂದರೆ "ಸುಮ್ಮನೆ ಹೆದರಿಸುತ್ತಾನೆ" ಎಂದುಕೊಳ್ಳದೆ, ಅವರನ್ನು ಒಬ್ಬರನ್ನೇ ಬಿಡದೆ, ಆಗಲೇ ಕರೆ ಮಾಡಿ. ಪ್ರಾಣಾಪಾಯ ಕಂಡರೆ 112. ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಗಳಿದ್ದರೆ ಅವುಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಕೋಪವೋ ದುಃಖವೋ ಉಕ್ಕಿದ ಆ ಗಳಿಗೆ ದಾಟಿದರೆ ಎಷ್ಟೋ ಜನ ಉಳಿದುಕೊಳ್ಳುತ್ತಾರೆ. ಆದ್ದರಿಂದ ಈ ಬೀಗ ದೊಡ್ಡ ಕೆಲಸ ಮಾಡುತ್ತದೆ.

ಇನ್ನೆರಡು ಎಚ್ಚರಿಕೆ. ಒಂದು, ಟೆಲಿ-ಮಾನಸ್‌ನವರು ಹಣ ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ಹಣ ಪಡೆದು ಆನ್‌ಲೈನ್‌ನಲ್ಲಿ ಸಮಾಲೋಚನೆ ಮಾಡುವ ಖಾಸಗಿಯವರೂ ಇದ್ದಾರೆ, ಒಳ್ಳೆಯವರೂ ಇದ್ದಾರೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ ಎಂದು ಮೊದಲೇ ಕೇಳಲು ಸಂಕೋಚ ಬೇಡ. ನಿಜವಾದವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಇನ್ನೊಂದು, ಮೊಬೈಲಿನಲ್ಲಿ ಕಂಪ್ಯೂಟರಿನ ಜೊತೆಯೇ ಕಷ್ಟ ಹೇಳಿಕೊಳ್ಳುವ ಹೊಸ ಅಭ್ಯಾಸ. ಅದು ಹೊಸದೇನಲ್ಲ. 1966ರಲ್ಲಿ ಅಮೆರಿಕದ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು ಎಲಿಜಾ ಎಂಬ ಪ್ರೋಗ್ರಾಂ ಬರೆದಿದ್ದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದು ಅದರ ಉಪಾಯ. "ನನಗೆ ಬೇಜಾರಾಗಿದೆ" ಎಂದರೆ "ನಿಮಗೆ ಯಾಕೆ ಬೇಜಾರಾಗಿದೆ?" ಎಂದು ಕೇಳುತ್ತಿತ್ತು, ಅಷ್ಟೇ. ಆದರೂ ಅವರ ಕಚೇರಿಯ ಕಾರ್ಯದರ್ಶಿಯೇ ಅದರ ಜೊತೆ ಮಾತನಾಡುತ್ತಾ, ನೀವು ಸ್ವಲ್ಪ ಹೊರಗೆ ಹೋಗಿ ಎಂದು ಪ್ರಾಧ್ಯಾಪಕರನ್ನೇ ಕೇಳಿಕೊಂಡರಂತೆ. ನೋಡಿ, ಬಾಗಿಲು ಹಾಕಿಕೊಳ್ಳುವ ಆಸೆ ಅಲ್ಲೂ ಬಂತು! ಈಗಿನವು ಎಲಿಜಾಗಿಂತ ಬಹಳ ಚುರುಕು. ಆದರೆ ನಮ್ಮ ಉದಾಹರಣೆಯ ಹುಡುಗಿಯ ಟೀಚರಿಗೆ ಫೋನ್ ಮಾಡಿ ಮಾತನಾಡಲು, ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳಿಸಲು, ರಾತ್ರಿ ಅಪಾಯವೆಂದು ಕಂಡರೆ ಅಜ್ಜನನ್ನು ಎಬ್ಬಿಸಲು ಮನುಷ್ಯರೇ ಬೇಕು.

ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ. ಜೊತೆಗೆ ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿಡಿ: 14416. ಫೋನು ಅಪ್ಪನ ಜೇಬಿನಲ್ಲಿದ್ದರೂ ಕ್ಯಾಲೆಂಡರು ಮನೆಯಲ್ಲೇ ಇರುತ್ತದೆ. ಪಕ್ಕದಲ್ಲಿ ಏನೂ ವಿವರ ಬರೆಯದಿದ್ದರೆ ಬಂದವರು ಗ್ಯಾಸ್ ಸಿಲಿಂಡರಿನ ನಂಬರು ಎಂದುಕೊಳ್ಳುತ್ತಾರೆ. ಮುಂದಿನ ವಾರ, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಏಕೆ ಓಡಿಹೋಗುತ್ತದೆ ಎಂಬುದನ್ನು ನೋಡೋಣ.